ಬಿಕರಿಯಾದವರ ಸುದ್ದಿ

ಯುಗಾದಿ ಬಂತೆಂದರೆ ನಮ್ಮ ಅಜ್ಜನಿಗೆ ಹೊಸ ಮಾಲಕ ಬರುತ್ತಿದ್ದ. ಮಾತುಕತೆ ಕಟ್ಟೆಯ ಮೇಲೆ. ಇಷ್ಟು ಚೀಲ ಜೋಳ, ಒಂದು ಧೋತರ, ಒಂದು ಕಂಬಳಿ, ಮೇಲೆ ಹಳೇ ಸಾಲದ ಲೆಕ್ಕ. ಅಜ್ಜ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿರುತ್ತಿದ್ದ. ಮಾತು ಅವನ ಬಗ್ಗೆ, ಮಾತಾಡುವವರು ಬೇರೆಯವರು. "ಈ ವರ್ಷ ಇವನ್ನ ಬಿಟ್ಟೇವ್ರಿ, ಬೇಕಾದ್ರ ನೀವು ಇಟ್ಕೋರಿ" ಅಂದರೆ ಮುಗಿಯಿತು. ಒಂದು ಗೂಟದಿಂದ ಬಿಚ್ಚಿ ಇನ್ನೊಂದು ಗೂಟಕ್ಕೆ ಕಟ್ಟಿದಂತೆ. 1976ರ ಕಾನೂನು ಜೀತವನ್ನು ರದ್ದು ಮಾಡಿತು. ಆ ಭಾಷೆಯನ್ನು ರದ್ದು ಮಾಡುವ ಕಾನೂನು ಇನ್ನೂ ಬಂದಿಲ್ಲ.

ಆ ಭಾಷೆ ನಮಗೆ ಮತ್ತೆ ಎದುರಾದದ್ದು 2024ರ ನವೆಂಬರಿನಲ್ಲಿ, ಶಿರೋಳದ ಚಹಾದಂಗಡಿಯಲ್ಲಿ, ಪತ್ರಿಕೆಯ ಆಟದ ಪುಟದಲ್ಲಿ. ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಆಟಗಾರರ ಹರಾಜು ನಡೆದಿತ್ತು. ರಿಷಭ್ ಪಂತ್ 27 ಕೋಟಿಗೆ ಬಿಕರಿ. ಕೆ.ಎಲ್. ರಾಹುಲ್ 14 ಕೋಟಿಗೆ ಬಿಕರಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಬಿಕರಿಯಾಗದೆ ಉಳಿದವರ ಪಟ್ಟಿ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಕಡಲೆ, ಗೋವಿನಜೋಳ, ಉಳ್ಳಾಗಡ್ಡಿಗಳ ಪೇಟೆ ಧಾರಣಿ. ಎರಡೂ ಪುಟದ ಭಾಷೆ ಒಂದೇ. ಮನುಷ್ಯರು ಯಾವ ಪುಟದಲ್ಲಿದ್ದಾರೆ, ಕಾಳು ಯಾವ ಪುಟದಲ್ಲಿದೆ ಎಂದು ನಾವೇ ಗುರುತು ಹಿಡಿಯಬೇಕಿತ್ತು.

ಅದಕ್ಕೂ ಒಂದು ತಿಂಗಳ ಮೊದಲು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಮೂರೇ ಜನರನ್ನು ಉಳಿಸಿಕೊಂಡಿತ್ತು: ಕೊಹ್ಲಿ, ಪಾಟೀದಾರ್, ಯಶ್ ದಯಾಳ್. ತಂಡವನ್ನು ಹೊಸದಾಗಿ ಕಟ್ಟುತ್ತಾರಂತೆ. ಕಟ್ಟಲಿ ಬಿಡಿ. ಆದರೆ ಹಳೇ ಗೋಡೆಯ ಕಲ್ಲುಗಳು ಎಲ್ಲಿ ಬಿದ್ದವು? 2018ರಿಂದ ಏಳು ಹಂಗಾಮು ಆ ತಂಡಕ್ಕೆ ಚೆಂಡೆಸೆದ ಮಹಮ್ಮದ್ ಸಿರಾಜ್ ಕೂಡ ಆ ಕಲ್ಲುಗಳಲ್ಲಿ ಒಬ್ಬ. ಹೈದರಾಬಾದಿನ ಆಟೋ ಚಾಲಕನ ಮಗ. 2020ರ ನವೆಂಬರಿನಲ್ಲಿ ಅಪ್ಪ ತೀರಿಕೊಂಡಾಗ ಈತ ದೇಶದ ತಂಡದೊಂದಿಗೆ ಆಸ್ಟ್ರೇಲಿಯಾದಲ್ಲಿದ್ದ, ಮಣ್ಣಿಗೂ ಬರಲಿಲ್ಲ. ಅಂಥವನ ಬಗ್ಗೆ ನಾವು ಓದಿದ ಪುಟದಲ್ಲಿದ್ದದ್ದು ಎರಡೇ ಸಂಗತಿ. ಆರ್‌ಸಿಬಿ ಕೈಬಿಟ್ಟಿತು. ಗುಜರಾತ್ 12.25 ಕೋಟಿ ಕೊಟ್ಟಿತು. ಬಿಟ್ಟವರ ಲೆಕ್ಕಾಚಾರ ಇತ್ತು, ಕೊಂಡವರ ಲೆಕ್ಕಾಚಾರ ಇತ್ತು. ಬಿಟ್ಟುಹೋದವನ ಎದೆ ಇರಲಿಲ್ಲ.

2025ರ ಏಪ್ರಿಲ್ 2ರಂದು ಅದೇ ಸಿರಾಜ್ ಬೆಂಗಳೂರಿನ ಚಿನ್ನಸ್ವಾಮಿ ಮೈದಾನಕ್ಕೆ ಎದುರಾಳಿಯಾಗಿ ಬಂದ. 19 ರನ್ನಿಗೆ 3 ವಿಕೆಟ್. ಪಂದ್ಯ ಗುಜರಾತಿನದು. ಅಂಗಡಿಯ ಟಿವಿ ಮುಂದೆ ಕೂತವರೆಲ್ಲ "ಸೇಡು ತೀರಿಸ್ಕೊಂಡ ನೋಡ್ರಿ" ಅಂದರು. ಆಟ ಮುಗಿದ ಮೇಲೆ ಅವನು ಹೇಳಿದ್ದು ಬೇರೆ: ಏಳು ವರ್ಷ ಇದ್ದ ಜಾಗ, ಭಾವುಕನಾಗಿದ್ದೆ ಎಂದ. ದುಃಖವನ್ನು ಸೇಡು ಎಂದು ಓದುವುದು ನಮಗೆ ಯಾರು ಕಲಿಸಿದರು?

ಬಡವರ ಮಕ್ಕಳಿಗೆ ಮಾತ್ರ ಹೀಗಾಗುತ್ತದೆ ಎಂದು ನಾವು ಹೇಳುವುದಿಲ್ಲ. 2008ರಲ್ಲಿ ಇದೇ ತಂಡದ ಮೊದಲ ನಾಯಕನಾಗಿದ್ದ ರಾಹುಲ್ ದ್ರಾವಿಡ್‌ನನ್ನು 2011ರ ಜನವರಿಯಲ್ಲಿ ಅವನದೇ ಬೆಂಗಳೂರಿನಲ್ಲಿ ಹರಾಜು ಕೂಗಿ, ರಾಜಸ್ಥಾನದವರು 5 ಲಕ್ಷ ಡಾಲರಿಗೆ ಕೊಂಡರು. ಹರಾಜಿನ ಸುತ್ತಿಗೆಗೆ ಎಲ್ಲರೂ ಒಂದೇ. ಆದರೆ ಸುತ್ತಿಗೆ ಬಿದ್ದ ಮೇಲೆ ಎಲ್ಲರೂ ಒಂದೇ ಅಲ್ಲ.

"12 ಕೋಟಿ ಕೊಡ್ತೀನಂದ್ರ ನಾನೂ ಬಿಕರಿ ಆಗ್ತೀನಲೇ" ಎಂದು ನಮ್ಮ ಗೆಳೆಯನೊಬ್ಬ ನಕ್ಕ. ನಮಗೂ ನಗು ಬಂತು. ಕೋಟಿ ಪಡೆದವನನ್ನು ಅಜ್ಜನ ಪಕ್ಕದಲ್ಲಿ ನಿಲ್ಲಿಸಿದರೆ ಅಜ್ಜನಿಗೇ ಅವಮಾನ. ಸಿರಾಜ್ ತಾನೇ ಸಹಿ ಹಾಕಿ ಹರಾಜಿಗೆ ಹೋದವನು. ಅಜ್ಜ ಹೆಬ್ಬೆಟ್ಟು ಒತ್ತಿದ್ದು ಸಾಲದ ಕಾಗದಕ್ಕೆ. ಆದರೂ ಗೆಳೆಯನ ಮಾತಿಗೆ ಉತ್ತರ ಕೊಟ್ಟವನೊಬ್ಬ ಅಮೆರಿಕದಲ್ಲಿದ್ದ. ಹೆಸರು ಕರ್ಟ್ ಫ್ಲಡ್, ಕರಿಯರವನು, ಬೇಸ್‌ಬಾಲ್ ಆಟಗಾರ. ಸೇಂಟ್ ಲೂಯಿ ತಂಡಕ್ಕೆ 12 ವರ್ಷ ಆಡಿದ ಅವನನ್ನು 1969ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಅದಲುಬದಲು ಮಾಡಿದರು. ಅವನು ಹೋಗಲಿಲ್ಲ. ನಾನು ಕೊಂಡು ಮಾರುವ ಆಸ್ತಿಯಲ್ಲ ಎಂದು ಕಾಗದ ಬರೆದ. ಸುಮಾರು 90,000 ಡಾಲರ್ ಸಂಬಳ ಎಣಿಸುವ ನಿನಗೆಂಥ ಗುಲಾಮಗಿರಿ ಎಂದು ಟಿವಿಯವರು ಕೇಳಿದಾಗ, ಸಂಬಳ ಹೆಚ್ಚಾದರೆ ಗುಲಾಮ ಗುಲಾಮನಾಗದೆ ಇರುವುದಿಲ್ಲ ಎಂಬರ್ಥದ ಉತ್ತರ ಕೊಟ್ಟ. 1972ರಲ್ಲಿ ಅವರ ಸುಪ್ರೀಂ ಕೋರ್ಟಿನಲ್ಲಿ ಸೋತ. ಅವನ ಆಟದ ಬಾಳು ಮುಗಿಯಿತು. ಆದರೆ 1975ರ ಹೊತ್ತಿಗೆ ಅವನ ಹಿಂದೆ ಬಂದ ಆಟಗಾರರಿಗೆ ಬಾಗಿಲು ತೆರೆಯಿತು. ನಮ್ಮ ಹಿರಿಯರ ಕತೆಯೂ ಹೀಗೇ ಅಲ್ಲವೇ? ಸೋತವರು ತೆರೆದ ಬಾಗಿಲಿನಿಂದಲೇ ನಾವು ಕಾಲೇಜಿನ ಒಳಗೆ ಹೋದದ್ದು.

ಇಷ್ಟು ದೂರ ಯಾಕೆ ಹೋಗಬೇಕು? ನಮ್ಮ ಓಣಿಯ ಹುಡುಗನೊಬ್ಬನಿದ್ದಾನೆ. ಹತ್ತಿ ಬಿಡಿಸಿ ಬಂದ ಕೈಯಿಂದ ಸಂಜೆ ಚೆಂಡೆಸೆದರೆ ಕಟ್ಟಿಗೆ ಹಾರುತ್ತಿತ್ತು. ಸುತ್ತಲಿನ ಒಂದು ಊರಿನ ತಂಡದವರು ಎರಡು ವರ್ಷ ಅವನನ್ನು ಕರೆದೊಯ್ದು ಆಡಿಸಿದರು. ಮೂರನೇ ವರ್ಷ ಯಾರೋ ಉಳ್ಳವರು ರೊಕ್ಕ ಹಾಕಿದರು, ತಂಡ ಹೊಸದಾಯಿತು, ಪ್ಯಾಟಿಯಿಂದ ರೊಕ್ಕಕ್ಕೆ ಆಡುವವರು ಬಂದರು. ಇವನಿಗೆ ಯಾರೂ ಬ್ಯಾಡ ಅನ್ನಲಿಲ್ಲ. ಕರೆಯಲು ಬರಲಿಲ್ಲ, ಅಷ್ಟೆ. ಇವನು ತೊಳೆದ ಅಂಗಿ ಹಾಕಿಕೊಂಡು ರಸ್ತೆಗೆ ಹೋಗಿ ಮಧ್ಯಾಹ್ನದವರೆಗೆ ನಿಂತಿದ್ದ. ತಂಡ ಕಪ್ ಗೆದ್ದಿತು. ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು: ರೊಕ್ಕ ಹಾಕಿದವರು ಮುಂದೆ ಕುರ್ಚಿಯಲ್ಲಿ, ಆಡಿದವರು ಹಿಂದೆ. ಹಿಂದಿನ ಎರಡು ವರ್ಷ ತಂಡವನ್ನು ಹೊತ್ತವನ ಹೆಸರು ಒಂದಕ್ಷರವೂ ಇಲ್ಲ. ಅವನ ಅವ್ವ ಆ ಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ತಮ್ಮಾ, ನೀ ಓದಿದಾಂವ. ನನ್ನ ಮಗನ ಹೆಸರು ಎಲ್ಲಿ ಐತಿ, ತೋರಿಸು" ಅಂದಳು. ನಾವು ಕಲಿತ ಅಕ್ಷರ ಆವತ್ತು ಬಾಯಿಗೆ ಬರಲಿಲ್ಲ.

ಹೆಸರು ಇಲ್ಲದಂತೆ ಮಾಡುವುದು ಹೊಸ ವಿದ್ಯೆಯಲ್ಲ. ಇಲ್ಲೇ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಚಮ್ಮಾರರ ಮಗ. ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನ ಮೈದಾನ ಹದ ಮಾಡುತ್ತಲೇ ಚೆಂಡೆಸೆಯಲು ಕಲಿತ. ಸವರ್ಣರ ತಂಡಕ್ಕೆ ಅವನ ಎಡಗೈ ಬೇಕಾಗಿತ್ತು. ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತ. ಆದರೂ ಹಿಂದೂಗಳ ತಂಡಕ್ಕೆ ನಾಯಕನಾಗಲಿಲ್ಲ. 1920ರಲ್ಲಿ ಅವನನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರು ಪ್ರತಿಭಟಿಸಿ ಹೊರಗೆ ನಡೆದರು. 1923ರಲ್ಲಿ ತಮ್ಮ ವಿಠಲನಿಗೆ ನಾಯಕತ್ವ ಕೊಡಲೇಬೇಕಾಯಿತು. ಧಾರವಾಡ ನಮಗೆ ಬಸ್ಸಿನ ದಾರಿ. ನಮ್ಮ ಯಾವ ಪಾಠಪುಸ್ತಕದಲ್ಲೂ ಈ ಹೆಸರನ್ನು ನಾವು ಓದಲಿಲ್ಲ.

ಆದ್ದರಿಂದ ಗೆಳೆಯರೇ, ಯಾವುದೇ ತಂಡ ಹೊಸದಾಗಿ ಕಟ್ಟಿಕೊಂಡ ಸುದ್ದಿ ಬಂದಾಗ ಒಂದು ಪ್ರಶ್ನೆ ಕೇಳಿ: ಹೋದವರು ಯಾರು, ಏನು ಕೊಟ್ಟು ಹೋದರು? ಪತ್ರಿಕೆಯವರಿಗೆ ಕಾಗದ ಬರೆಯಿರಿ, ಬಿಕರಿ ಎಂಬ ಶಬ್ದ ಮನುಷ್ಯರಿಗೆ ಬೇಡ ಎಂದು ಹೇಳಿ. ಹಳ್ಳಿಯ ಮಾಸ್ತರರೇ, ನಿಮ್ಮಲ್ಲಿ ಒಂದು ಬೇಡಿಕೆ. ಶಾಲೆಯ ಆಟದ ವಹಿಯಲ್ಲಿ ಪ್ರತಿ ಮಗುವಿನ ಹೆಸರನ್ನು ಪೂರ್ತಿ ಬರೆಯಿರಿ, ಬಿಟ್ಟುಹೋದ ಮಗುವಿನದನ್ನೂ. ಮುಂದೊಂದು ದಿನ ಯಾವುದೋ ಅವ್ವ ಕಾಗದ ಹಿಡಿದು ಬಂದು, ನನ್ನ ಮಗನ ಹೆಸರು ಎಲ್ಲಿ ಐತಿ ಎಂದು ಕೇಳುತ್ತಾಳೆ. ಆವತ್ತು ತೋರಿಸಲು ನಮ್ಮ ಕೈಯಲ್ಲಿ ಒಂದು ಸಾಲಾದರೂ ಇರಲಿ.