ಸ್ಪ್ಯಾನರ್ ಹಿಡಿಯುವ ಮೊದಲು

ಹಳೆಯ ಡೀಸೆಲ್ ಜೀಪು ನೋಡಲು ಹೋದಾಗ ಮೊದಲು ಮಾಡಬೇಕಾದದ್ದು ಬಾನೆಟ್ಟಿನ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ, ನಾವು ಬರುವ ಮುಂಚೆಯೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ಆಗ ಕೊಟ್ಟ ಕಾಫಿ ಕುಡಿದು, ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಮಾತಾಡಿ, ಎಂಜಿನ್ ಪೂರ್ತಿ ಆರುವ ತನಕ ಕೂತಿರಬೇಕು. ಬಿಸಿಯಾದ ಎಂಜಿನ್ ಎಲ್ಲರೆದುರೂ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ತಣ್ಣಗಿರುವಾಗ ಇನ್ನೊಬ್ಬರ ಕೈಯಲ್ಲಿ ಕೀ ತಿರುಗಿಸಿ, ನಾವು ಹಿಂದೆ ಹೋಗಿ ನಿಂತು ಹೊಗೆ ನೋಡಬೇಕು. ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ಕಪ್ಪು ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಎಂದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ಮೊದಲೆರಡಕ್ಕೆ ಮದ್ದಿದೆ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕಾಫಿಗೆ ಕೃತಜ್ಞತೆ ಹೇಳಿ ಎದ್ದು ಬರುವುದು ಒಳ್ಳೆಯದು.

ನಾನು ಕೊಂಡದ್ದು 1994ರ ಮಹೀಂದ್ರ ಎಂಎಂ 540. ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ದುಡಿದ ಗಾಡಿ. ಅದರ ಹೊಗೆ ಬೆಳ್ಳಗಿತ್ತು, ಬೇಗ ತಿಳಿಯಾಯಿತು. ಒಳಗಿರುವುದು ಪೂಜೊ ಎಂಜಿನ್, ಎಕ್ಸ್‌ಡಿಪಿ 4.90. ಆ ಸಂಖ್ಯೆಯಲ್ಲೇ ಎಂಜಿನ್ನಿನ ಅಳತೆ ಇದೆ: ನಾಲ್ಕು ಸಿಲಿಂಡರು, ಒಂದೊಂದರ ಅಗಲ 90 ಮಿಲಿಮೀಟರ್. ಒಟ್ಟು 2112 ಸಿಸಿ. ಕಂಪ್ಯೂಟರಿಲ್ಲ, ಸೆನ್ಸರುಗಳಿಲ್ಲ. ಬಾನೆಟ್ ಎತ್ತಿದರೆ ಪಂಪು, ಅಲ್ಲಿಂದ ನಾಝಲ್‌ಗಳಿಗೆ ಹೋಗುವ ನಾಲ್ಕು ಪೈಪು, ಹೀಟರ್ ಪ್ಲಗ್ಗಿನ ತಂತಿ, ಎಲ್ಲ ಕಣ್ಣೆದುರೇ ಇವೆ. ಯಾವುದು ಯಾವುದಕ್ಕೆ ಏನು ಮಾಡುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ನನಗೆ ಈ ಗಾಡಿಗಳ ಮೇಲಿನ ಪ್ರೀತಿಯ ಮೂಲ ಇದೇ. ಸರಿಯಾಗಿ ಕೇಳಿದ ಪ್ರಶ್ನೆಗೆ ಅವು ಉತ್ತರ ಕೊಡುತ್ತವೆ. ರಿಪೇರಿಯಲ್ಲಿ ಬೋಲ್ಟು ಬಿಚ್ಚಿ ಹೊಸದು ಹಾಕುವ ಭಾಗ ನನಗೆ ಅಷ್ಟೇನೂ ರುಚಿಸದು. ಅದಕ್ಕಿಂತ ಮುಂಚಿನದು ಇದೆಯಲ್ಲ, ಸುಮ್ಮನೆ ನಿಂತು, ಮುಟ್ಟಿ, ಕೇಳಿ, ತರ್ಕಿಸಿ, ತೊಂದರೆ ಇರುವುದು ಇಲ್ಲೇ ಎಂದು ಗೊತ್ತುಮಾಡಿಕೊಳ್ಳುವುದು, ಅದಕ್ಕಾಗಿ ನಾನು ಊಟ ಮರೆಯಬಲ್ಲೆ.

ಮನೆಗೆ ತಂದ ಮೇಲೆ ಜೀಪು ಬೆಳಿಗ್ಗೆ ಹಟ ಮಾಡತೊಡಗಿತು. ಸೆಲ್ಫ್ ಹೊಡೆದಷ್ಟೂ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಹೇಗೋ ಒಮ್ಮೆ ಹತ್ತಿತೆಂದರೆ ಸಂಜೆಯವರೆಗೂ ಮುಟ್ಟಿದರೆ ಸ್ಟಾರ್ಟು. ಊರಿನವರೆಲ್ಲ ಹೀಟರ್ ಪ್ಲಗ್ ಎಂದರು. ಚಳಿಯಲ್ಲಿ ಡೀಸೆಲ್ ಹತ್ತದಿದ್ದರೆ ಅದೇ ಮೊದಲ ಅನುಮಾನ, ಸರಿಯೇ. ಪರೀಕ್ಷೆಯೂ ಸುಲಭ: ಪ್ಲಗ್ಗುಗಳನ್ನು ಜೋಡಿಸಿದ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್‌ನಿಂದ ಒಂದು ಬಲ್ಬಿನ ಮೂಲಕ ಒಂದೊಂದೇ ಪ್ಲಗ್ಗಿಗೆ ತಂತಿ ತಾಗಿಸಿದರೆ, ಬಲ್ಬು ಉರಿದ ಪ್ಲಗ್ಗಿನ ಒಳತಂತಿ ತುಂಡಾಗಿಲ್ಲ. ನಾಲ್ಕೂ ಉರಿದವು.

ಆದರೆ ನನ್ನ ಗಮನ ಬೇರೆ ಕಡೆ ಇತ್ತು. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಹೊಗೆಯೇ ಬರುತ್ತಿರಲಿಲ್ಲ. ಪ್ಲಗ್ ಕೆಟ್ಟಿದ್ದರೆ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ತಲುಪಿಯೇ ಇಲ್ಲ. ಅಂದರೆ ರಾತ್ರಿಯಲ್ಲಿ ಎಲ್ಲೋ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಮರಳುತ್ತಿದೆ. ಮೆಕ್ಯಾನಿಕ್ಕುಗಳು ಏರ್ ಹಿಡಿದಿದೆ ಎನ್ನುತ್ತಾರಲ್ಲ, ಅದು.

ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನಿಂದ ಆಚೆಗೆ ಅದು ಒತ್ತಡದಲ್ಲಿ ಹೋಗುತ್ತದೆ. ಅಲ್ಲಿ ಸೋರಿದರೆ ಒದ್ದೆಯಾಗುತ್ತದೆ, ವಾಸನೆ ಬರುತ್ತದೆ, ಕಣ್ಣಿಗೆ ಬೀಳುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇರುವುದು ಹೀರುವ ದಾರಿ. ಅಲ್ಲಿ ಜಾಯಿಂಟು ಸಡಿಲವಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಷ್ಟು ಒರೆಸಿ ನೋಡಿದರೂ ಎಲ್ಲವೂ ಒಣಗಿಯೇ ಇರುತ್ತದೆ. ಹಾಗಾದರೆ ಒಣಗಿದ ಸೋರಿಕೆಯನ್ನು ಒದ್ದೆ ಮಾಡುವುದು ಹೇಗೆ? ನಮ್ಮ ಮನೆಯ ದಾರಿ ಕಡಿದಾದ ಇಳಿಜಾರು. ರಾತ್ರಿ ಜೀಪನ್ನು ಅಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟೆ. ಹಾಗೆ ನಿಂತರೆ ಟ್ಯಾಂಕು ಎಂಜಿನ್ನಿಗಿಂತ ಮೇಲಾಗುತ್ತದೆ, ಡೀಸೆಲ್ ಹಿಂದಕ್ಕೆ ಓಡುವಂತಿಲ್ಲ, ಸಡಿಲ ಜಾಗದಲ್ಲಿ ಹೊರಗೆ ಜಿನುಗಲೇಬೇಕು. ಬೆಳಿಗ್ಗೆ ಒಂದೇ ಸೆಲ್ಫಿಗೆ ಎಂಜಿನ್ ಹತ್ತಿತು. ಫೀಡ್ ಪಂಪಿಗೆ ಪೈಪು ಸೇರುವ ಬೋಲ್ಟಿನ ಕೆಳಗೆ ನಾನು ಸುತ್ತಿಟ್ಟಿದ್ದ ಬಿಳಿ ಬಟ್ಟೆ ಒದ್ದೆಯಾಗಿತ್ತು.

ಕಾರಣ ಒಂದು ತಾಮ್ರದ ವಾಷರ್. ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಅದು ಗಟ್ಟಿಯಾಗಿತ್ತು. ಗಟ್ಟಿಯಾದ ತಾಮ್ರ ಒತ್ತಿದರೆ ಕೂರುವುದಿಲ್ಲ. ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ನೀರಿಗೆ ಬಿಟ್ಟೆ. ಉಕ್ಕನ್ನು ಹೀಗೆ ಮಾಡಿದರೆ ಪೆಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಒಂದೇ ಬೆಂಕಿ, ಒಂದೇ ನೀರು, ಎರಡು ಲೋಹಗಳಿಗೆ ಎರಡು ಫಲ. ಎಷ್ಟು ಸಲ ಮಾಡಿದರೂ ನನಗಿದು ಬೇಸರ ತಂದಿಲ್ಲ.

ನಿಜವಾದ ಹಬ್ಬ ಫೋರ್‌ವೀಲಿನದು. ಜೀಪಿನ ಗೇರ್ ಲಿವರಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಲಿವರುಗಳಿವೆ. ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಜೋಡಿಸಲು, ಇನ್ನೊಂದು ಲೋ ಗೇರಿಗೆ. ಲೋ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆತ ಅಷ್ಟೇ ಪಟ್ಟು ಏರುತ್ತದೆ. ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ ತಯಾರಾದ ವಿಲ್ಲಿಸ್ ಜೀಪಿನಲ್ಲೂ ಇದೇ ಎರಡು ಲಿವರು, ಇದೇ ತತ್ವ. ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸುವುದರಿಂದಲೇ ಮಹೀಂದ್ರದವರ ಜೀಪಿನ ಕಸುಬು ಶುರುವಾದದ್ದು. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳಲ್ಲಿ ಒಮ್ಮೆ ಕೂತವರಿಗೆ ಆ ಲಿವರುಗಳ ಬೆಲೆ ಗೊತ್ತು. 1343 ಮೀಟರ್ ಎತ್ತರದ ಆ ಬೆಟ್ಟದ ದಾರಿಯಲ್ಲಿ ಕಲ್ಲು ಯಾವುದು, ರಸ್ತೆ ಯಾವುದು ಎಂದು ಚಾಲಕನಿಗೆ ಮಾತ್ರ ತಿಳಿದಿರುತ್ತದೆ.

ನನ್ನ ಜೀಪಿನಲ್ಲಿ ಮುಂದಿನ ಚಕ್ರದ ಲಿವರು ಸಿಕ್ಕಿಕೊಂಡಿತ್ತು. ಫೋರ್‌ವೀಲ್ ಬಿದ್ದಿದೆ, ಬಿಡಿಸಲು ಬರುವುದಿಲ್ಲ. ಸ್ಟೀರಿಂಗು ಭಾರ, ತಿರುವಿನಲ್ಲಿ ಟೈರು ಕಿರುಗುಟ್ಟುತ್ತದೆ. ಕೊಪ್ಪದ ಮೇಸ್ತ್ರಿ ಬಂದು, ಎರಡೂ ಕೈಯಲ್ಲಿ ಎಳೆದು ನೋಡಿ, ತಲೆಯಾಡಿಸಿದರು.

"ಬಾಕ್ಸ್ ಇಳಿಸೋದೇ ಸೈ ಗೌಡ್ರೇ. ಒಳಗೆ ಏನೋ ಮುರಿದು ಅಡ್ಡ ಬಿದ್ದಿದೆ."

"ಇರಿ ಮೇಸ್ತ್ರಿ, ಬಿಚ್ಚೋದಕ್ಕೆ ಮುಂಚೆ ಒಂದು ಸಲ ಜಾಕಿ ಕೊಟ್ಟು ನೋಡಾಣ" ಎಂದೆ.

ನನ್ನ ಲೆಕ್ಕ ಹೀಗಿತ್ತು. ಈ ಜೀಪುಗಳಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದ ಗಳಿಗೆಯಿಂದ ಎರಡೂ ಒಂದೇ ಲೆಕ್ಕದಲ್ಲಿ ಸುತ್ತಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಬಳಸುದಾರಿ ಹಿಡಿಯುತ್ತವೆ, ಹಿಂದಿನವು ಒಳಗಿನಿಂದ ಹಾಯುತ್ತವೆ. ಕೆಸರಿನಲ್ಲಿ ಟೈರು ತುಸು ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರುವಂತಿಲ್ಲ. ತೀರದ ಆ ಬಾಕಿ ಶಾಫ್ಟುಗಳಲ್ಲಿ, ಆಕ್ಸಲ್‌ಗಳಲ್ಲಿ ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡು ಕೂರುತ್ತದೆ. ಆ ಬಿಗಿತದಲ್ಲಿ ಗೇರಿನ ಹಲ್ಲುಗಳು ಒಂದನ್ನೊಂದು ಎಷ್ಟು ಗಟ್ಟಿಯಾಗಿ ಒತ್ತಿಕೊಂಡಿರುತ್ತವೆ ಎಂದರೆ, ಲಿವರು ಅವನ್ನು ಬೇರ್ಪಡಿಸಲಾರದು. ಮುರಿದದ್ದೇನೂ ಇರಬೇಕಾಗಿಲ್ಲ. ಮಾರಿದವರು ಫೋರ್‌ವೀಲ್ ಸರಿ ಇದೆ ಎಂದು ತೋರಿಸಲು ಟಾರು ರಸ್ತೆಯಲ್ಲೇ ಹಾಕಿ ಓಡಿಸಿದ್ದರು.

ಹಿಂದಿನ ಚಕ್ರಗಳಿಗೆ ಭದ್ರವಾಗಿ ಅಡೆ ಕೊಟ್ಟು, ಮುಂದಿನ ಎಡಚಕ್ರದ ಬಳಿ ಜಾಕಿ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ ಎತ್ತತೊಡಗಿದೆವು. ಟೈರು ನೆಲ ಬಿಡುವ ಹೊತ್ತಿಗೆ, ಯಾರೂ ಮುಟ್ಟದೆ, ಚಕ್ರ ತಾನಾಗಿ ಗಕ್ಕನೆ ಹಿಂದಕ್ಕೆ ಸುತ್ತಿತು. ಇಡೀ ಗಾಡಿ ಒಮ್ಮೆ ಅದುರಿ ನಿಂತಿತು. ಮೇಸ್ತ್ರಿ ಒಳಗೆ ಬಗ್ಗಿ ಲಿವರಿಗೆ ಎರಡು ಬೆರಳು ತಾಗಿಸಿದರು. ಅದು ಸಲೀಸಾಗಿ ಜಾರಿತು. ಮೂವತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿದ ಮನುಷ್ಯ ಆಗ ನಕ್ಕ ನಗು ನನಗೆ ಬಲು ಇಷ್ಟವಾಯಿತು. ಜಾಕಿ ಇಲ್ಲದವರು ನೇರ ದಾರಿಯಲ್ಲಿ ಒಂದಿಷ್ಟು ರಿವರ್ಸ್ ಹೋದರೂ ಈ ಬಿಗಿ ಸಾಮಾನ್ಯವಾಗಿ ಬಿಡುತ್ತದೆ.

ಇಷ್ಟಕ್ಕೆ ಸುಮ್ಮನಾಗುವಂತಿರಲಿಲ್ಲ. ಟಾರಿನ ಮೇಲೆ ಸ್ವಲ್ಪ ದೂರ ಓಡಿಸಿದ ಮಾತ್ರಕ್ಕೆ ಇಷ್ಟು ಬಿಗಿಯಬೇಕೆ? ತಿರುವುಗಳ ಜೊತೆಗೆ ಇನ್ನೇನೋ ಇದೆ ಎನ್ನಿಸಿತು. ಅಡಿಕೆ ಒಣಗಿಸುವ ಅಂಗಳ ನಮ್ಮಲ್ಲಿರುವ ಅತ್ಯಂತ ಸಮತಟ್ಟಾದ ಜಾಗ. ಅಲ್ಲಿ ಟೈರುಗಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಜೀಪನ್ನು ಮೆಲ್ಲಗೆ ತಳ್ಳಿ, ಒಂದೊಂದು ಟೈರು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ಟೇಪು ಹಿಡಿದು ಅಳೆದೆವು. ಬರಿದೇ ಟೈರಿನ ಎತ್ತರ ಅಳೆದರೆ ಸಾಲದು, ಭಾರ ಹೊತ್ತು ಉರುಳುವಾಗಿನ ಅಳತೆಯೇ ಬೇಕು. ಮುಂದಿನವು ಸವೆದ ಹಳೆಯ ಟೈರು, ಹಿಂದಿನವು ಹೊಸವು, ಗಾತ್ರದಲ್ಲೂ ಒಂದು ಸೈಜು ದೊಡ್ಡವು. 6.00-16 ಟೈರು ಕಿಲೋಮೀಟರಿಗೆ ಸುಮಾರು 440 ಸುತ್ತು ಉರುಳುತ್ತದೆ. ತ್ರಿಜ್ಯದಲ್ಲಿ ಒಂದೇ ಒಂದು ಸೆಂಟಿಮೀಟರ್ ಕಡಿಮೆಯಾದರೆ ಹನ್ನೆರಡು ಸುತ್ತಿನಷ್ಟು ಹೆಚ್ಚು ಬೇಕು. ಅಂದರೆ ನೆಟ್ಟಗಿರುವ ರಸ್ತೆಯಲ್ಲೂ ಈ ಜೀಪು ಪ್ರತಿ ಕಿಲೋಮೀಟರಿಗೆ ತನ್ನನ್ನು ತಾನೇ ಅಷ್ಟು ತಿರುಚಿಕೊಳ್ಳುತ್ತಿತ್ತು.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದನ್ನು ತಳ್ಳಿಹಾಕದೆ ನನಗೆ ನಿದ್ದೆ ಬಾರದು. ಹಳೆಯ ಜೀಪುಗಳಿಗೆ ಗುಜರಿಯಿಂದ ಬೇರೆ ಗಾಡಿಯ ಆಕ್ಸಲ್ ಹೌಸಿಂಗ್ ತಂದು ಕೂರಿಸುವುದುಂಟು. ಒಳಗಿನ ಗೇರುಗಳ ಹಲ್ಲಿನ ಲೆಕ್ಕ ಬೇರೆಯಿರಬಹುದು: ಯುದ್ಧಕಾಲದ ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಆಮೇಲಿನ ನಾಗರಿಕ ಜೀಪುಗಳಲ್ಲಿ 8ಕ್ಕೆ 43. ಮುಂದೆ ಒಂದು, ಹಿಂದೆ ಇನ್ನೊಂದು ಬಿದ್ದರೆ ಯಾವ ಟೈರು ಬದಲಿಸಿದರೂ ಪ್ರಯೋಜನವಿಲ್ಲ. ನೋಡಲು ಹೌಸಿಂಗ್ ಬಿಚ್ಚಬೇಕಿಲ್ಲ. ಗೇರು ನ್ಯೂಟ್ರಲ್ ಮಾಡಿ, ಒಂದು ಚಕ್ರ ನೆಲದ ಮೇಲಿರುವಂತೆ ಇನ್ನೊಂದನ್ನು ಎತ್ತಿ, ಎತ್ತಿದ್ದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಿದರಾಯಿತು. ಹಿಂದೆಯೂ ಮುಂದೆಯೂ ಎಣಿಸಿದೆವು. ಎರಡೂ ಒಂದೇ. ನಾಲ್ಕು ಚಕ್ರಕ್ಕೂ ಒಂದೇ ಅಳತೆಯ ಟೈರು ಹಾಕಿಸಿದ ಮೇಲೆ ಆ ಲಿವರು ಮತ್ತೆ ಹಟ ಮಾಡಿಲ್ಲ.

ಆಮೇಲೆ ನಡುಕ. ವೇಗ ಐವತ್ತರ ಹತ್ತಿರ ಬರುತ್ತಲೇ ಸೀಟಿನಡಿ ಒಂದು ಗುಂಯ್ ಎನ್ನುವ ಅದುರು. ಕ್ಲಚ್ ಒತ್ತಿದರೂ ನಿಲ್ಲದು, ಹಾಗಾಗಿ ಎಂಜಿನ್ನಿನದಲ್ಲ. ಕೈಗೆ ಸ್ಟೀರಿಂಗಿನಲ್ಲಿ ಸಿಗದು, ಹಾಗಾಗಿ ಮುಂದಿನ ಚಕ್ರದ್ದೂ ಅಲ್ಲ. ಕೆಳಗೆ ತೂರಿ ಹಿಂದಿನ ಪ್ರೊಪೆಲ್ಲರ್ ಶಾಫ್ಟು ನೋಡಿದೆ. ಕ್ರಾಸ್‌ಗಳು ಬಿಗಿಯಾಗಿಯೇ ಇದ್ದವು. ತಪ್ಪು ಜೋಡಣೆಯಲ್ಲಿತ್ತು. ಕ್ರಾಸ್ ಜಾಯಿಂಟು ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ. ಒಂದು ತುದಿಯ ಜಾಯಿಂಟು ಕೊಟ್ಟ ಈ ಏರಿಳಿತವನ್ನು ಇನ್ನೊಂದು ತುದಿಯದು ಸರಿಯಾಗಿ ಕಳೆಯಬೇಕಾದರೆ, ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಸಮತಲದಲ್ಲಿರಬೇಕು. ಅದಕ್ಕೆಂದೇ ಶಾಫ್ಟಿನ ಮೇಲೆ ಎರಡು ಬಾಣದ ಗುರುತು ಎದುರುಬದುರು ಬರುವಂತೆ ಕೊರೆದಿರುತ್ತಾರೆ. ಹಿಂದೆಂದೋ ಗ್ರೀಸ್ ಹಾಕಲು ಬಿಚ್ಚಿದ ಯಾರೋ ಒಂದು ಹಲ್ಲು ಆಚೀಚೆ ಮಾಡಿ ಸೇರಿಸಿದ್ದರು. ಮಣ್ಣು ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿದಾಗ ಬಾಣಗಳು ಕಂಡವು. ಎಳೆದು, ಹೊಂದಿಸಿ, ಮತ್ತೆ ಕೂರಿಸಿದೆ. ಒಂದು ರೂಪಾಯಿಯ ಸಾಮಾನೂ ಬೇಕಾಗಲಿಲ್ಲ. ಅಂದು ಸಂಜೆ ಬಾಳೆಹೊನ್ನೂರಿನ ದಾರಿಯಲ್ಲಿ ಮುಳ್ಳು ಐವತ್ತು ದಾಟಿದಾಗ ಸೀಟಿನಡಿ ಏನೂ ಕೇಳಿಸಲಿಲ್ಲ. ಹೆಂಡತಿಗೆ ಅದೇನೂ ವಿಶೇಷವೆನಿಸಲಿಲ್ಲ. ನಾನಂತೂ ಆ ಸದ್ದಿಲ್ಲದಿರುವುದನ್ನು ಕೇಳಿಕೊಂಡೇ ಮನೆಯವರೆಗೂ ಬಂದೆ.

ಕಿಂಗ್‌ಪಿನ್ ಬೇರಿಂಗು, ಶಿಮ್‌ಗಳ ಲೆಕ್ಕ, ಸ್ಪ್ರಿಂಗ್ ಪ್ಲೇಟಿನ ಬುಷ್ಷು, ಇವೆಲ್ಲ ಕ್ರಮವಾಗಿ ಆದವು. ಚಾಸಿಸ್ಸಿನ ತುಕ್ಕನ್ನು ಟಿಂಕರಿಂಗ್‌ನವರಿಗೆ ಒಪ್ಪಿಸಿದೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ಅದಕ್ಕಾಗಿ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಡಲಿಲ್ಲ. ಎಷ್ಟೋ ಮಳೆಗಾಲ ಕಂಡ ಆ ಅಂಕಿಗಳು ಕಾಗದದ ಮೇಲೆ ಒಂದೊಂದಾಗಿ ಮೂಡುವುದನ್ನು ನೋಡುವ ಸುಖ ಬಿಟ್ಟುಕೊಡುವಂಥದ್ದಲ್ಲ.

ಈಗ ಬ್ರೇಕಿನ ಸರದಿ. ಒತ್ತಿದರೆ ಗಾಡಿ ತುಸು ಎಡಕ್ಕೆ ಎಳೆಯುತ್ತದೆ. ಎಡಕ್ಕೆ ಎಳೆಯುತ್ತಿದ್ದರೆ ಬಲಚಕ್ರ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲವೆಂದು ಮೊದಲು ಸಂಶಯಿಸಬೇಕು. ನಾಲ್ಕಾರು ಸಲ ಬ್ರೇಕ್ ಹೊಡೆದು ನಿಲ್ಲಿಸಿ, ಡ್ರಮ್ಮುಗಳ ಬಳಿ ಅಂಗೈ ಹಿಡಿದು ನೋಡಿದೆ: ಎಡಗಡೆಯದು ಬಿಸಿ, ಬಲಗಡೆಯದು ಬರೀ ಬೆಚ್ಚಗೆ. ವೀಲ್ ಸಿಲಿಂಡರ್ ಸಿಕ್ಕಿಕೊಂಡಿರಬೇಕು, ಇಲ್ಲವೇ ರಬ್ಬರ್ ಹೋಸ್ ಒಳಗೇ ಊದಿಕೊಂಡು ದಾರಿ ಕಟ್ಟಿರಬೇಕು. ಬ್ಲೀಡರ್ ಸಡಿಲಿಸಿ ಪೆಡಲ್ ಒತ್ತಿಸಿದರೆ ಯಾವುದೆಂದು ಗೊತ್ತಾಗುತ್ತದೆ: ಆಯಿಲ್ ಜೋರಾಗಿ ಚಿಮ್ಮಿದರೆ ಸಿಲಿಂಡರು, ಎಳೆಎಳೆಯಾಗಿ ಬಂದರೆ ಹೋಸು. ಪೆಡಲ್ ಒತ್ತಲು ಒಬ್ಬರು ಬೇಕು. ಮೇಸ್ತ್ರಿ ಭಾನುವಾರ ಬರುತ್ತೇನೆ ಎಂದಿದ್ದಾರೆ. ತಾನು ಬರುವವರೆಗೆ ಡ್ರಮ್ಮು ಬಿಚ್ಚಬಾರದೆಂದು ಎರಡು ಸಲ ಹೇಳಿ ಹೋಗಿದ್ದಾರೆ.