ಒಂದೇ ತೂತು, ಎರಡು ಸ್ವರ

ಕೊಳಲು ಕೈಗೆ ತೆಗೆದುಕೊಂಡಾಗ ನನಗೆ 41 ವರ್ಷ. ಹಾಸನದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮೊದಲ ಮೂರು ತಿಂಗಳು ನಾದವೇ ಹೊರಡಲಿಲ್ಲ. ಊದಿ ಊದಿ ತಲೆ ಸುತ್ತಿ ಗೋಡೆ ಹಿಡಿದು ಕೂತದ್ದುಂಟು. ಅದು ಕೊಳಲು ಕಲಿತವರೆಲ್ಲ ಪಡುವ ಪಾಡು. ನನ್ನನ್ನು ನಿಜಕ್ಕೂ ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಮೂರನೆಯ ವರ್ಷ ಎದುರಾದ ಒಂದು ಸಂಗತಿ. ಒಂದೇ ತೂತಿಗೆ ಎರಡು ಸ್ವರದ ಹೆಸರು.

ನಮ್ಮ ಕರ್ನಾಟಕ ಸಂಗೀತದ ಕೊಳಲಿನಲ್ಲಿ ಎಡಗೈಯ ಮೊದಲ ಎರಡು ತೂತು ಮುಚ್ಚಿ ಊದಿದರೆ ಷಡ್ಜ. ಮೊದಲನೆಯದನ್ನಷ್ಟೇ ಮುಚ್ಚಿದರೆ ಚತುಶ್ರುತಿ ರಿಷಭ. ಎಲ್ಲ ಬಿಟ್ಟರೆ ಅಂತರ ಗಾಂಧಾರ. ಮೊದಲನೆಯದನ್ನು ಅರ್ಧ ಮುಚ್ಚಿದರೆ ಇವೆರಡರ ನಡುವಿನ ಸಾಧಾರಣ ಗಾಂಧಾರ. ಇಷ್ಟು ಬೆರಳಿಗೆ ಬಂದಿತ್ತು. ಆಗ ಗುರುಗಳು ಮೇಳಕರ್ತ, ಅಂದರೆ ತಾಯಿರಾಗಗಳ ಪಾಠ ತೆಗೆದರು. ಸ್ವರಸ್ಥಾನ ಹನ್ನೆರಡು, ಹೆಸರು ಮಾತ್ರ ಹದಿನಾರು. ಚತುಶ್ರುತಿ ರಿಷಭ ಇರುವಲ್ಲೇ ಶುದ್ಧ ಗಾಂಧಾರ. ಸಾಧಾರಣ ಗಾಂಧಾರ ಇರುವಲ್ಲೇ ಷಟ್‌ಶ್ರುತಿ ರಿಷಭ. ಧೈವತ, ನಿಷಾದಗಳಲ್ಲೂ ಇದೇ ಕಥೆ.

ಗಣಿತದವಳಿಗೆ ಇದು ಹಬ್ಬದೂಟ. ರಿಷಭ ಗಾಂಧಾರಗಳ ಜೋಡಿ ಆರು, ಧೈವತ ನಿಷಾದಗಳ ಜೋಡಿ ಆರು, ಮಧ್ಯಮ ಎರಡು, ಗುಣಿಸಿದರೆ 72 ಮೇಳ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಒಂದೇ ರಾತ್ರಿಯಲ್ಲಿ ಇಡೀ ಚಕ್ರ ಬರೆದೆ. ಅದರಲ್ಲಿ ನಲವತ್ತು ಮೇಳ ವಿವಾದಿ, ಅಂದರೆ ಅಕ್ಕಪಕ್ಕದ ಸ್ವರಗಳು ಒಂದಕ್ಕೊಂದು ಹೊಂದದವು ಎಂದು ಗೊತ್ತಾದಾಗ ಏಕೆಂದು ಕೇಳಲೂ ಇಲ್ಲ. ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿಕೊಟ್ಟದ್ದು ತಲೆಯಲ್ಲಿತ್ತು: ಎರಡು ಸಮವಾದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಹುದು. ಷಟ್‌ಶ್ರುತಿ ರಿಷಭವೆಂದರೆ ನನಗೆ ಬರುತ್ತಿದ್ದ ಸಾಧಾರಣ ಗಾಂಧಾರವೇ. ಹೊಸದಾಗಿ ಕಲಿಯುವುದೇನಿದೆ?

ಆ ಪುಷ್ಯ ಬಹುಳ ಪಂಚಮಿಯಂದು ಊರಿನಲ್ಲಿ ತ್ಯಾಗರಾಜರ ಆರಾಧನೆ. ಪಂಚರತ್ನ ಗೋಷ್ಠಿಯಲ್ಲಿ ಕೂರಲು ಗುರುಗಳು ನನಗೂ ಅಪ್ಪಣೆ ಕೊಟ್ಟಿದ್ದರು. ಮೊದಲ ಕೃತಿ ನಾಟ ರಾಗದ ‘ಜಗದಾನಂದಕಾರಕ’. ನಾಟದ ಅವರೋಹಣದಲ್ಲಿ ಮ ರಿ ಸ ಎಂದು ಬರುವ ಆ ರಿಷಭ ಷಟ್‌ಶ್ರುತಿಯದು. ಮೊದಲ ತೂತನ್ನು ಅರ್ಧ ಮುಚ್ಚಿದೆ, ಖರಹರಪ್ರಿಯ ರಾಗದಲ್ಲಿ ಎರಡು ವರ್ಷ ಸಾಧಿಸಿದ್ದ ಹಾಗೆ ಬೆರಳು ತಾನಾಗಿ ಅಲುಗಿತು. ಮೈಕು ನನ್ನ ಮುಂದೆಯೇ ಇತ್ತು. ಪಿಟೀಲಿನವರು ಕಮಾನು ತಡೆದು ನನ್ನತ್ತ ತಿರುಗಿದರು. ಹಾಡುತ್ತಿದ್ದವರಲ್ಲಿ ಇಬ್ಬರು ತಲೆ ಎತ್ತಿದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಕೊಳಲನ್ನು ತುಟಿಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡೆ. ಉಳಿದ ನಾಲ್ಕು ಕೃತಿ ಮುಗಿಯುವವರೆಗೂ ಅಲ್ಲೇ, ಎಲ್ಲರ ನಡುವೆ, ಸುಮ್ಮನೆ ಕೂತಿರಬೇಕಾಯಿತು. ಎದ್ದು ಹೋಗುವಂತಿಲ್ಲ. ಅಷ್ಟು ಉದ್ದದ ಮುಂಜಾನೆಯನ್ನು ನಾನು ಕಂಡಿಲ್ಲ.

ಹದಿನೈದು ದಿನ ಪಾಠಕ್ಕೆ ಹೋಗಲಿಲ್ಲ. ಹೋದ ದಿನ ಕೈಯಲ್ಲಿ ಪುರಾವೆ ಹಿಡಿದುಕೊಂಡೇ ಹೋದೆ. ಶ್ರುತಿ ತೋರಿಸುವ ಆ್ಯಪ್ ಫೋನಿನಲ್ಲಿತ್ತು. ಎರಡೂ ಹೆಸರು ಹೇಳಿ ಊದಿ, “ಮುಳ್ಳು ಒಂದೇ ಕಡೆ ನಿಲ್ಲುತ್ತೆ ಗುರುಗಳೇ, ನಾನು ಅಪಸ್ವರ ಊದಿಲ್ಲ” ಅಂದೆ. ಹೇಳುವಾಗ ಗಂಟಲು ಕಟ್ಟಿತ್ತು.

“ನಿಂತ ಸ್ವರಾನ ಅದು ತೋರಿಸುತ್ತೆ. ಆವತ್ತು ನೀವು ನಿಲ್ಲಲಿಲ್ಲವಲ್ಲಮ್ಮ, ಓಡಾಡಿದಿರಿ. ಎಲ್ಲಿಗೆ ಹೋಗಿ ಬಂದಿರಿ, ಅದನ್ನ ನೋಡಿ.”

ನಿಧಾನವಾಗಿ ಊದಿಸಿದರು. ಖರಹರಪ್ರಿಯದ ಗಾಂಧಾರ ಅಲುಗುವಾಗ ಮೇಲೆ ಮಧ್ಯಮದತ್ತ ಏರುತ್ತದೆ, ಕೆಳಗೆ ಚತುಶ್ರುತಿ ರಿಷಭವನ್ನು ಮುಟ್ಟುತ್ತದೆ. ನನ್ನ ಬೆರಳು ಆ ಅಭ್ಯಾಸದಿಂದಲೇ ಅರ್ಧ ತೂತನ್ನು ಪೂರ್ತಿ ಮುಚ್ಚಿ ಬಿಡುತ್ತಿತ್ತು. ಮುಚ್ಚಿದಾಗ ಕೇಳುತ್ತಿದ್ದದ್ದು ಚತುಶ್ರುತಿ ರಿಷಭ. ನಾಟದಲ್ಲಿ ಆ ಸ್ವರಕ್ಕೆ ಜಾಗವೇ ಇಲ್ಲ. ಅಲ್ಲಿ ಷಟ್‌ಶ್ರುತಿ ರಿಷಭದ ಕೆಳಗೆ ನೇರ ಷಡ್ಜ. ಅದರ ಒಡನಾಟವೆಲ್ಲ ಮೇಲಿನ ಗಾಂಧಾರ ಮಧ್ಯಮಗಳ ಜೊತೆ. ನಾನು ನಿಂತ ಜಾಗ ಸರಿಯಿತ್ತು, ಅಕ್ಕಪಕ್ಕ ತಪ್ಪಿತ್ತು. ಹಾರ್ಮೋನಿಯಂ ಮನೆಯನ್ನೋ, ಪಿಯಾನೋದಲ್ಲಿ ಸಿ ಶಾರ್ಪ್ ಎಂದೂ ಡಿ ಫ್ಲ್ಯಾಟ್ ಎಂದೂ ಕರೆಸಿಕೊಳ್ಳುವ ಕರಿಮನೆಯನ್ನೋ ಒತ್ತಿ ಸುಮ್ಮನಿದ್ದರೆ ಈ ಭೇದ ಕಿವಿಗೆ ಬೀಳುವುದಿಲ್ಲ. ಕೊಳಲಿನಲ್ಲಿ ಬೆರಳು ತೂತಿನ ಅಂಚಿನಲ್ಲಿ ಜಾರುತ್ತದೆ, ಎಲ್ಲವೂ ಬಯಲಾಗುತ್ತದೆ. ಮಾಲಿ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ ಕೊಳಲಿಗೆ ಗಾಯಕರ ಗಮಕ ತಂದರು ಎನ್ನುವ ಮಾತಿನ ತೂಕ ನನಗೆ ತಿಳಿದದ್ದು ಆ ದಿನ.

ಅದಕ್ಕೆ ಔಷಧಿಯೆಂದು ಗುರುಗಳು ಎರಡು ತಿಂಗಳು ಕೊಳಲು ಮುಟ್ಟಬಾರದು, ಬರೀ ಹಾಡಬೇಕು ಅಂದರು. ಹಾಡಬೇಕಾದದ್ದು ಒಂದನೆಯ ಮೇಳ ಕನಕಾಂಗಿಯ ಸ ರಿ ಗ ಮ. ಅದು ಕಠಿಣ ಶಿಕ್ಷೆಯಂತಿತ್ತು. ಅಲ್ಲಿ ಶುದ್ಧ ರಿಷಭಕ್ಕೆ ಅಂಟಿಕೊಂಡೇ ಶುದ್ಧ ಗಾಂಧಾರ, ಅಲ್ಲಿಂದ ಎರಡು ಸ್ಥಾನ ದಾಟಿ ಮಧ್ಯಮ. ಬಾಯಲ್ಲಿ ‘ಗ’ ಎನ್ನುತ್ತೇನೆ, ಗಂಟಲು ಶಂಕರಾಭರಣದ ‘ರಿ’ ಎಂದೇ ಎಣಿಸಿ ಮುಂದೆ ಅಂತರ ಗಾಂಧಾರಕ್ಕೆ ಜಾರುತ್ತದೆ. ಸಂಜೆ ಅಡುಗೆಮನೆಯಲ್ಲಿ, ಬಸ್ಸಿಗೆ ಕಾಯುವಾಗ, ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ, ಮನಸ್ಸಿನಲ್ಲೇ ಹೇಳಿಕೊಂಡೆ. ಎಷ್ಟೋ ರಾತ್ರಿ ಬಿಟ್ಟುಬಿಡೋಣ ಅನ್ನಿಸಿತು. ಪರೀಕ್ಷೆಯಿಲ್ಲ, ಹೊಟ್ಟೆಪಾಡಲ್ಲ, ಯಾರೂ ಕೇಳುವವರಿಲ್ಲ. ಆದರೂ ಬಿಡಲಾಗಲಿಲ್ಲ, ಗೋಷ್ಠಿಯಲ್ಲಿ ಕೊಳಲು ತೊಡೆಯ ಮೇಲಿಟ್ಟುಕೊಂಡ ಆ ಗಳಿಗೆ ಬಿಡಲಿಲ್ಲ.

ಏಳನೆಯ ವಾರ ಒಂದು ಬೆಳಗ್ಗೆ, ಹಾಡುತ್ತಿದ್ದಾಗ ‘ಗ’ ಬಂದು ನಿಂತಿತು. ಅದೇ ಎತ್ತರ, ಆದರೆ ಹಿಂದೆ ರಿಷಭ ಬೆನ್ನಿಗೆ ಬೆನ್ನು ತಾಗಿಸಿ ಕೂತಿರುವುದು, ಮುಂದೆ ದೊಡ್ಡ ಬಯಲಿರುವುದು ಕೇಳಿಸಿತು. ಇನ್ನು ಏರಬೇಕಾದ ರಿಷಭ ಅದಾಗಿರಲಿಲ್ಲ. ಕೊಳಲು ತೆಗೆದು ಊದಲು ಕೈ ಹಾತೊರೆಯಿತು, ಮಾತು ಕೊಟ್ಟದ್ದಕ್ಕೆ ಉಳಿದ ದಿನಗಳನ್ನು ತಾಳಿಕೊಂಡೆ.

ಈಗ ಸ ರಿ ಗ ಮದ ಪೂರ್ವಾಂಗ ಹಿಡಿತಕ್ಕೆ ಬಂದಿದೆ. ಮುಂದಿನ ಆರಾಧನೆಯಲ್ಲಿ ನಾಟವನ್ನು ಕೊನೆಯವರೆಗೂ ಊದಿದೆ. ಪ ಧ ನಿ ಸದ ಉತ್ತರಾಂಗ ಇನ್ನೂ ಕಾಡುತ್ತಿದೆ. ನಾಲ್ಕು ತೂತು ಮುಚ್ಚಿದರೆ ಚತುಶ್ರುತಿ ಧೈವತ. ಕನಕಾಂಗಿಯಲ್ಲಿ ಅದೇ ಶುದ್ಧ ನಿಷಾದ. ಹೋದ ಭಾನುವಾರ ಕಣ್ಣು ಮುಚ್ಚಿ ಕೇಳಿದ ಗುರುಗಳು, “ಅದು ಇನ್ನೂ ಧೈವತವೇ ಅಮ್ಮ, ಮತ್ತೆ ಹಾಡಿ” ಅಂದರು. ಕೊಳಲನ್ನು ಚೀಲಕ್ಕೆ ಹಾಕಿ ಪ ಧ ನಿ ಸ ಶುರು ಮಾಡಿದೆ.