ಓಗೊಟ್ಟವರು

ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ ಸಾಹಿತ್ಯ ಪರಿಷತ್ತು ಇರುವುದು ಎಲ್ಲರಿಗೂ ಗೊತ್ತು. ಅದೇ ರಸ್ತೆಯಲ್ಲಿ ಸೇಂಟ್ ಲ್ಯೂಕ್ ಚರ್ಚು ಇರುವುದನ್ನು ಪರಿಷತ್ತಿಗೆ ಹೋಗಿ ಬರುವವರಲ್ಲಿ ಅನೇಕರು ಗಮನಿಸಿರಲಾರರು. ಕೋಟೆಯಲ್ಲಿದ್ದ ಹಳೆಯ ದೇವಾಲಯವು ವಾಣಿವಿಲಾಸ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟು 1930ರ ದಶಕದಲ್ಲಿ ಇಲ್ಲಿಗೆ ಬಂದಿತು. ಈ ನೆರೆಹೊರೆ ನನಗೆ ಬಹಳ ಒಪ್ಪಿಗೆಯಾಗಿದೆ. ಕನ್ನಡಕ್ಕೂ ಕ್ರಿಸ್ತನಿಗೂ ಒಟ್ಟಿಗೆ ದುಡಿದವರು ನಮ್ಮಲ್ಲಿ ಆಗಿಹೋಗಿದ್ದಾರಷ್ಟೆ.

ನಮ್ಮ ಬೀದಿಯಲ್ಲಿ ನಿವೃತ್ತ ಉಪದೇಶಕರೊಬ್ಬರಿದ್ದರು. ಎಲ್ಲರೂ ಅವರನ್ನು ಅಯ್ಯನವರೆಂದೇ ಕರೆಯುತ್ತಿದ್ದರು. ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುವುದು ವಾಡಿಕೆ. ಒಂದು ದಿನ ಲೋಟ ಕೆಳಗಿಟ್ಟು ಹೇಳಿದರು:

"ನಲವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದೆ, ಮೇಷ್ಟ್ರೇ. ಒಂದು ಕಡೆ ಸಭೆ ಕಟ್ಟಿದೆ. ನಾನು ಬಿಟ್ಟುಬಂದ ಮೇಲೆ ಜಗಳವಾಡಿ ಅದು ಎರಡಾಯಿತು. ನನ್ನ ಮಗನೇ ದೇವಾಲಯಕ್ಕೆ ಬರುವುದಿಲ್ಲ. ಅಂದು ದೇವರು ಕರೆದದ್ದು ನನ್ನನ್ನೇ ಹೌದೋ, ಪಕ್ಕದಲ್ಲಿ ನಿಂತಿದ್ದವನನ್ನು ಕರೆದರೆ ನಾನು ಓಗೊಟ್ಟೆನೋ!"

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಸಮಾಧಾನಕ್ಕೆಂದು ಕಿಟ್ಟೆಲರ ಕಥೆ ತೆಗೆದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಈ ನೆಲದವರ ನಡುವೆ ಈ ನೆಲದವನಂತೆಯೇ ಬಾಳಬೇಕೆಂಬ ಹಂಬಲ ಹೊತ್ತು ಬಂದವರು. ಮಿಷನ್ನಿನ ಹಿರಿಯರೊಡನೆ ಸರಿಬೀಳಲಿಲ್ಲ. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದು 1862ರಲ್ಲಿ ಪ್ರಕಟಿಸಿದರು. ಮೊದಲ ಹೆಂಡತಿ ತೀರಿಕೊಂಡರು. ಬೋಧಿಸಲು ಬಂದವರು ಕೊನೆಗೆ ಪದಗಳನ್ನು ಹೆಕ್ಕುತ್ತ ಕುಳಿತರು. ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಅಚ್ಚಾದವು. ಎಷ್ಟೋ ವರ್ಷಗಳ ದುಡಿತದ ಮೇಲೆ 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂತು. ಸುಮಾರು ಎಪ್ಪತ್ತು ಸಾವಿರ ಪದ, ಸಾವಿರದ ಏಳುನೂರಕ್ಕೂ ಮಿಕ್ಕ ಪುಟ. ಅಷ್ಟು ಹೊತ್ತಿಗೆ ಅವರು ಜರ್ಮನಿಗೆ ಹಿಂದಿರುಗಿಯಾಗಿತ್ತು. 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಎಷ್ಟು ಮಂದಿಯನ್ನು ಮತಕ್ಕೆ ತಂದರೆಂದು ಇಂದು ಯಾರೂ ಕೇಳುವುದಿಲ್ಲ. ಉತ್ತಂಗಿ ಚನ್ನಪ್ಪನವರ ಹೆಸರನ್ನೂ ಸೇರಿಸಿದೆ. ಅವರೂ ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು.

ಅಯ್ಯನವರು ಎಲ್ಲವನ್ನೂ ಕೇಳಿ, "ಅವರಿಗೆ ನಿಘಂಟು ಇದೆ, ಮೇಷ್ಟ್ರೇ. ಇವರಿಗೆ ಸರ್ವಜ್ಞ ಇದ್ದಾನೆ. ನನಗೇನಿದೆ?" ಎಂದರು.

ಮಾತು ನ್ಯಾಯವಾದದ್ದೇ. ಸೋತವನಿಗೆ, ಕೊನೆಗೆ ಗೆದ್ದವನ ಕಥೆ ಹೇಳುವುದು ನಮಗೆಲ್ಲ ಅಂಟಿದ ಚಾಳಿ. ಅದು ಹಸಿದವನ ಮುಂದೆ ಮದುವೆಯೂಟವನ್ನು ಬಣ್ಣಿಸಿದಂತೆ. ಅವರ ಬೈಬಲ್ಲೇ ಈ ವಿಷಯದಲ್ಲಿ ನನಗಿಂತ ಜಾಣತನದ್ದು. ದೇವರು ಕರೆದಾಗ ಮೋಶೆ ತನ್ನ ನಾಲಗೆ ತೊಡರುತ್ತದೆ ಎಂದು ನೆವ ಹೇಳುತ್ತಾನೆ. ಯೋನನಂತೂ ಹಡಗು ಹತ್ತಿ ಓಡುತ್ತಾನೆ. ಪೇತ್ರ ಗುರುವನ್ನೇ ಅರಿಯೆನೆಂದು ಮೂರು ಸಲ ಹೇಳಿ, ಮತ್ತೆ ಮೀನು ಹಿಡಿಯಲು ಹೋಗುತ್ತಾನೆ. ಅವನಿಗೆ ಕೆರೆಯ ದಡದಲ್ಲಿ ಕೆಂಡದ ಮೇಲೆ ಸುಟ್ಟ ಮೀನು, ರೊಟ್ಟಿ ಸಿಕ್ಕುತ್ತದೆ. ಊಟವಾದ ಮೇಲೆ ಗುರು ಹಳೆಯ ಲೆಕ್ಕ ತೆಗೆಯುವುದಿಲ್ಲ. ತನ್ನ ಮೇಲೆ ಪ್ರೀತಿಯುಂಟೋ ಎಂದು ಮೂರು ಸಲ ಕೇಳಿ, ಕುರಿಗಳನ್ನು ನೋಡಿಕೋ ಎನ್ನುತ್ತಾನೆ, ಅಷ್ಟೆ. ಮೊದಲು ಊಟ, ಆಮೇಲೆ ಮಾತು ಎಂಬ ಈ ಕ್ರಮ ನನಗೆ ಬಲು ಮೆಚ್ಚು. ನಮ್ಮ ಮನೆಯ ಹೆಂಗಸರೂ ಹಾಗೆಯೇ ಮಾಡುವವರು.

ಇದನ್ನು ಅಯ್ಯನವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಕಥೆಯನ್ನು ಅವರು ಎಷ್ಟು ಹಳ್ಳಿಗಳಲ್ಲಿ ಹೇಳಿದ್ದರೋ! ಬೇರೆಯವರಿಗೆ ಕೊಟ್ಟ ಔಷಧ ತನಗೆ ತಾಕದಿರುವುದು ವೈದ್ಯರಿಗೂ ಉಂಟು.

ಅಷ್ಟರಲ್ಲಿ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು ಇಳಿದ. ಒಡೆದುಹೋಗಿತ್ತೆಂದರಲ್ಲ, ಆ ಸಭೆಯವನು. ಅವನ ಅಜ್ಜಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿದ್ದಾಳೆ. ಅಯ್ಯನವರು ಬಂದು ಪ್ರಾರ್ಥನೆ ಮಾಡಲೇಬೇಕಂತೆ, ಬೇರೆ ಯಾರೂ ಬೇಡವಂತೆ.

"ಈ ಮುದುಕನನ್ನೇ ಯಾಕೆ ಕರೆಯಬೇಕೋ!" ಎಂದು ಗೊಣಗಿಕೊಂಡು ಎದ್ದರು. ಕೊಡೆಗಾಗಿ ಕೈಯಾಡಿಸಿದರು, ಅದು ಅವರ ಕಂಕುಳಲ್ಲೇ ಇತ್ತು. ಲೋಟದಲ್ಲಿ ಅರ್ಧ ಕಾಫಿ ಹಾಗೆಯೇ ಉಳಿದಿತ್ತು.